ಡಾಕ್ಟರಿಗೆ ಮೊದಲು ಜಾಗ ಬಿಡಿ

ನಿನ್ನೆಯಿಂದ ತಲೆ ಕಾದಿದೆ. ಹಂದಿಗೆ ಅಂತ ಯಾರೋ ತೋಟದ ಬೇಲಿಗೆ ಕಟ್ಟಿದ್ದ ಉರುಳಿಗೆ ಚಿರತೆ ಸಿಕ್ಕಿಬಿದ್ದಿತ್ತು. ತಂತಿ ಸೊಂಟಕ್ಕೆ ಬಿಗಿದು ಒದ್ದಾಡುತ್ತಿತ್ತು. ಸುತ್ತ ಇಡೀ ಊರು. ಮರದ ಮೇಲೆ ಹುಡುಗರು, ಶಿಳ್ಳೆ, ಎಲ್ಲರ ಕೈಯಲ್ಲೂ ಮೊಬೈಲು. ಜೀಪಿನಿಂದ ಇಳಿದ ನನ್ನ ತಂಗಿಗೆ ಬರೀ ಜನರ ಬೆನ್ನು ಕಾಣಿಸಿತು.

ಅವಳು ದಿನಾ ಹಸು, ಎಮ್ಮೆ, ಕುರಿ ನೋಡುವ ಡಾಕ್ಟರು. ಬೆಳಿಗ್ಗೆ ಕರು ಅಡ್ಡವಾಗಿದ್ದ ಹಸುವಿನ ಹೆರಿಗೆ ಮಾಡಿಸಿದ್ದಳು. ಆಮೇಲೆ ಪಾರ್ವೋ ಅನ್ನೋ ವಾಂತಿಭೇದಿ ರೋಗ ಬಂದ ನಾಯಿಮರಿಗೆ ಡ್ರಿಪ್. ಊಟಕ್ಕೆ ಕೂರುವ ಹೊತ್ತಿಗೆ ಫೋನು. ಅರಣ್ಯ ಇಲಾಖೆಯಲ್ಲಿರುವ ಡಾಕ್ಟರುಗಳೇ ಕಡಿಮೆ, ಅವರಲ್ಲೂ ಹೆಚ್ಚಿನವರು ಪಶುಪಾಲನಾ ಇಲಾಖೆಯಿಂದ ಎರವಲು ಸೇವೆಯ ಮೇಲೆ ಹೋದವರು. ಅವರು ದೂರದಲ್ಲಿದ್ದರೆ ಹಸು ಡಾಕ್ಟರೇ ಓಡಬೇಕು.

"ಮೇಡಂ, ಬೇಗ ಹೊಡೀರಿ" ಅಂತ ಕೂಗು. ಡಾರ್ಟ್ ಅಂದರೆ ದೂರದಿಂದ ಹೊಡೆಯುವ ಅರಿವಳಿಕೆ ಸೂಜಿ. ಅದು ಬಿದ್ದ ತಕ್ಷಣ ಪ್ರಾಣಿ ಮಲಗಲ್ಲ. ತೂಕವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಕೆಟಮಿನ್, ಜೈಲಜಿನ್ ಅನ್ನೋ ಅರಿವಳಿಕೆ ಮದ್ದುಗಳ ಲೆಕ್ಕ ಹಾಕಬೇಕು. ಕಡಿಮೆಯಾದರೆ ಎದ್ದು ಬರುತ್ತೆ, ಜಾಸ್ತಿಯಾದರೆ ಉಸಿರಿಗೇ ತೊಂದರೆ. ಹತ್ತು ಹದಿನೈದು ನಿಮಿಷ ಸದ್ದಿಲ್ಲದೆ ಕಾಯಬೇಕು. ಗಲಾಟೆಗೆ ಬೆದರಿದ ಪ್ರಾಣಿಗೆ ಮದ್ದು ಬೇಗ ಹತ್ತಲ್ಲ, ಮೈ ಕಾವು ಏರುತ್ತೆ. ಒದ್ದಾಡಿ ಒದ್ದಾಡಿ ಮಾಂಸಖಂಡ ಹಾಳಾಗಿ, ಕಿಡ್ನಿ ಕೈಕೊಟ್ಟು, ಆಮೇಲೆ ಬೋನಿನಲ್ಲಿ ಸಾಯುವುದೂ ಉಂಟು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಡಾಕ್ಟರು ಮದ್ದು ಜಾಸ್ತಿ ಕೊಟ್ಟರು. ಶಿಳ್ಳೆ ಹೊಡೆದವರನ್ನು ಯಾರೂ ಕೇಳಲ್ಲ.

ಕೊನೆಗೂ ಮಲಗಿತು. ತಂಗಿ ಉದ್ದನೆಯ ಕೋಲಿನಿಂದ ಅದರ ಕಿವಿ ಮುಟ್ಟಿ ನೋಡಿದಳು. ಅಲುಗಲಿಲ್ಲ. ಕೆಟಮಿನ್ ಕೊಟ್ಟರೆ ಕಣ್ಣು ತೆರೆದೇ ಇರುತ್ತೆ. ಒಣಗದಿರಲಿ ಅಂತ ಮುಲಾಮು ಹಾಕಿ, ಮೇಲೆ ಬಟ್ಟೆ ಕಟ್ಟಿದಳು. ನಾಲಿಗೆ ಹೊರಗೆಳೆದು ಉಸಿರು ಎಣಿಸುತ್ತಿದ್ದಾಗ ಒಬ್ಬ ಬಾಲ ಹಿಡಿದು ಸೆಲ್ಫಿ ತೆಗೆಯೋಕೆ ಬಂದ.

"ಅಣ್ಣಾ, ದೂರ ನಿಲ್ಲಿ."

"ನಮ್ಮೂರ ಚಿರತೆ ಮೇಡಂ, ನಿಮ್ಮದೇನು?"

ನನಗೆ ಮೈ ಉರಿದುಹೋಯಿತು. ಅವಳು ತಲೆ ಎತ್ತದೆ ಥರ್ಮಾಮೀಟರ್ ನೋಡುತ್ತಿದ್ದಳು.

ಜನಕ್ಕೆ ಭಯ ಇರುತ್ತೆ, ಕರು ಕಳಕೊಂಡಿರ್ತಾರೆ ಅಂತ ಕೆಲವರು ಹೇಳ್ತೀರಿ. ಕರು ಕಳಕೊಂಡವರ ಸಂಕಟ ನನಗೂ ಗೊತ್ತು. ಅವರು ನಿನ್ನೆ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿದ್ದರು. ಭಯ ಇದ್ದವರು ಚಿರತೆ ಹತ್ತಿರಕ್ಕೆ ಮಗು ಎತ್ತಿಕೊಂಡು ಬರ್ತಾರಾ?

ಭಯ ಏನಿದ್ದರೂ ಡಾರ್ಟ್ ಹಿಡಿದವರ ಮನೆಯವರಿಗೆ. 2023ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಚಿಕಿತ್ಸೆ ಕೊಡಲು ಹೋಗಿ 'ಆನೆ ವೆಂಕಟೇಶ್' ತೀರಿಕೊಂಡರು. ಅವರು ಡಾಕ್ಟರಲ್ಲ, ಆದರೆ ಡಾರ್ಟ್ ಹೊಡೆಯುವುದರಲ್ಲಿ ಪಳಗಿದವರು. ಅಂಥವರಿಗೇ ಹಾಗಾಯಿತು. ನಮ್ಮಮ್ಮ ಅವತ್ತಿನಿಂದ, ತಂಗಿ ಕಾಡಿನ ಕಡೆ ಹೋದರೆ, ಅವಳು ವಾಪಸ್ ಬರುವವರೆಗೂ ಮಲಗಲ್ಲ. ನಾನೂ ಮಲಗಲ್ಲ, ಅಮ್ಮನಿಗೆ ಹೇಳಿಲ್ಲ ಅಷ್ಟೆ.

ನಿಮ್ಮೂರಿಗೆ ಚಿರತೆ ಬಂದರೆ ದಯವಿಟ್ಟು ಮೊದಲು ಮಕ್ಕಳನ್ನು ಒಳಗೆ ಕಳಿಸಿ. ನಾಯಿ ಕಟ್ಟಿಹಾಕಿ. ದಾರಿಯಲ್ಲಿ ನಿಲ್ಲಿಸಿದ ಬೈಕ್ ತೆಗೆಯಿರಿ, ಜೀಪು ಒಳಗೆ ಬರಬೇಕು. ತೋಟದಲ್ಲಿ ಉರುಳು ಇಟ್ಟಿದ್ದರೆ ಇವತ್ತೇ ಬಿಚ್ಚಿ.