ಪೊಟ್ಟಣದ ಮೇಲಿನ ನೇರಳೆ

ಲ್ಯಾವೆಂಡರ್ ಬೀಜದ ಪೊಟ್ಟಣದ ಮೇಲೆ ‘ಏಳೇ ದಿನದಲ್ಲಿ ಮೊಳಕೆ’ ಎಂದು ಅಚ್ಚು ಹಾಕಿಸುವವರನ್ನು ಒಂದು ಕುಂಡದ ಮುಂದೆ ಕೂರಿಸಿ, ಮೊಳಕೆ ಕಾಣುವ ತನಕ ಏಳಬೇಡಿ ಎನ್ನಬೇಕು. ವಾರದಲ್ಲಿ ಎದ್ದು ನಿಲ್ಲುವುದು ಮೆಂತ್ಯ. ಲ್ಯಾವೆಂಡರ್ ಬೀಜಕ್ಕೆ ಮೊದಲು ಚಳಿ ತಾಗಬೇಕು. ಒದ್ದೆ ಮರಳಲ್ಲಿ ಬೀಜ ಬೆರೆಸಿ, ಡಬ್ಬಿಗೆ ಹಾಕಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ನಾಲ್ಕರಿಂದ ಆರು ವಾರ ಇಡಬೇಕು. ಫ್ರೀಜರಿನಲ್ಲಲ್ಲ. ಡಬ್ಬಿಯ ಮೇಲೆ ಹೆಸರು ಬರೆದಿಡಿ. ದೋಸೆಹಿಟ್ಟಿನ ಪಕ್ಕ ಕೂತ ಮರಳನ್ನು ಯಾವ ಮನೆಯಲ್ಲೂ ಬಹಳ ದಿನ ಸಹಿಸುವುದಿಲ್ಲ.

ಸುಳ್ಳು ಅಷ್ಟಕ್ಕೇ ನಿಂತಿದ್ದರೆ ಕ್ಷಮಿಸಬಹುದಿತ್ತು. ಅಕ್ಷರದ ಮೇಲಿನ ಚಿತ್ರ ನೋಡಿ: ಬಾಚಣಿಗೆಯಲ್ಲಿ ಬಾಚಿದಂತೆ ದಿಗಂತದವರೆಗೆ ನೇರಳೆ ಸಾಲು. ಅದು ಫ್ರಾನ್ಸಿನ ಪ್ರೊವಾನ್ಸ್. ಅಲ್ಲಿನ ವಾಲೆನ್ಸೋಲ್ ಪ್ರಸ್ಥಭೂಮಿಯಲ್ಲಿ ಹಾಗೆ ಮೈಲುಗಟ್ಟಲೆ ಬೆಳೆಯುವುದು ಹೆಚ್ಚಾಗಿ ಲ್ಯಾವೆಂಡಿನ್. ಅಂಗುಸ್ಟಿಫೋಲಿಯಾ, ಲ್ಯಾಟಿಫೋಲಿಯಾ ಎಂಬ ಎರಡು ಜಾತಿ ಕೂಡಿ ಹುಟ್ಟಿದ ಮಿಶ್ರತಳಿ. ಹೇಸರಗತ್ತೆಗೆ ಮರಿಯಿಲ್ಲದಂತೆ ಇದಕ್ಕೆ ಬೀಜವಿಲ್ಲ. ‘ಗ್ರೋಸೊ’ ಎಂಬ ಹೆಸರಾಂತ ತಳಿಯ ಗಿಡಗಳೆಲ್ಲ ಕಡ್ಡಿ ಮುರಿದು ನೆಟ್ಟು ಬಂದವು. ಎಂದರೆ, ಯಾವ ಗಿಡಕ್ಕೆ ಬೀಜವೇ ಇಲ್ಲವೋ ಅದರ ಚಿತ್ರ ಅಂಟಿಸಿ ನಮಗೆ ಬೀಜ ಮಾರುತ್ತಾರೆ! ‘ಗ್ರೋಸೊ ಬೀಜ’ ಎಂದೇ ಬರೆದಿದ್ದರಂತೂ ಪೊಟ್ಟಣವನ್ನು ಅಲ್ಲೇ ಬಿಟ್ಟು ಬನ್ನಿ. ಅಂಗುಸ್ಟಿಫೋಲಿಯಾ ಜಾತಿಯ ‘ಹಿಡ್ಕೋಟ್’ ತಳಿ ಕೂಡ ಬೀಜದಿಂದ ಬಂದರೆ ಒಂದು ಗಿಡ ಕುಳ್ಳು, ಇನ್ನೊಂದು ನೀಳ, ಬಣ್ಣವೂ ಒಂದೊಂದು ಬಗೆ. ಅತ್ತ ನಮ್ಮ ದಖ್ಖನ್ನಿನ ಕಲ್ಲುಗುಡ್ಡಗಳಲ್ಲಿ ಇದೇ ಕುಲದ ಲ್ಯಾವೆಂಡುಲಾ ಬೈಪಿನ್ನೇಟಾ ಯಾರ ಫ್ರಿಜ್ಜಿನ ಹಂಗೂ ಇಲ್ಲದೆ ಹೂ ಬಿಡುತ್ತದೆ. ಅದರ ಚಿತ್ರ ಹಾಕಿದ ಪೊಟ್ಟಣ ಎಲ್ಲಿ?

ಇಷ್ಟಾದರೂ ಬೀಜವನ್ನೇ ಹಾಕುತ್ತೇನೆ ಎನ್ನುವವರಿಗೆ ಮುಂದಿನ ಮಾತು.

ಬೆಂಗಳೂರಿನಂಥ ಊರಲ್ಲಿ ಬಿತ್ತಲು ನವೆಂಬರ್ ಸರಿ. ಒಂದು ಪಾಲು ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು. ಗೊಬ್ಬರ ಬೇಡವೇ ಬೇಡ. ಬೀಜವನ್ನು ಹೂಳಬಾರದು, ಅದಕ್ಕೆ ಬೆಳಕು ಬೇಕು. ಮೇಲೆ ಉದುರಿಸಿ ಬೆರಳಲ್ಲಿ ಒತ್ತಿದರೆ ಸಾಕು. ಮೊಳಕೆಗೆ ಎರಡರಿಂದ ನಾಲ್ಕು ವಾರ, ಅದೂ ಒಂದೇ ಸಲಕ್ಕಲ್ಲ. ಕೆಲವು ಬೀಜಗಳು ಒಂದು ತಿಂಗಳು ದಾಟಿದ ಮೇಲೆ ಏಳುತ್ತವೆ. ನೀರು ಮೇಲಿನಿಂದ ಹೊಯ್ಯದೆ, ತಟ್ಟೆಯಲ್ಲಿ ನಿಲ್ಲಿಸಿ ಕೆಳಗಿನಿಂದ ಹೀರಿಸಿ, ಮಿಕ್ಕದ್ದು ಚೆಲ್ಲಿ. ಇಲ್ಲವಾದರೆ ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ದಾರದಂತಾಗಿ ಮಲಗಿಬಿಡುತ್ತದೆ. ಅದು ಶಿಲೀಂಧ್ರದ ಕೆಲಸ, ಮತ್ತೆ ಏಳುವುದಿಲ್ಲ. ನಾಲ್ಕಿಂಚು ಬಂದಾಗ ಕುಡಿ ಚಿವುಟಿ. ಮೊದಲ ವರ್ಷ ಹೂವಿನ ಮಾತೆತ್ತಬೇಡಿ.

ಬೇರು ಕೊಳೆತ ಗಿಡವೂ ಬಾಯಾರಿದ ಗಿಡವೂ ಒಂದೇ ತರಹ ತಲೆ ಬಾಗಿಸುತ್ತವೆ. ಮನೆಗೆ ಬಂದವರೊಬ್ಬರು ‘ಅಯ್ಯೋ ಪಾಪ, ಒಣಗ್ತಾ ಇದೆ’ ಎಂದು ಒಂದು ಚೊಂಬು ಸುರಿದೇ ಹೋಗುತ್ತಾರೆ. ಬೆರಳನ್ನು ಎರಡಿಂಚು ಮಣ್ಣಿಗಿಳಿಸಿ ನೋಡುವ ತಾಳ್ಮೆ ಯಾರಿಗೂ ಇಲ್ಲ. ಜೂನಿನಲ್ಲಿ ಕುಂಡವನ್ನು ಸೂರಿನ ಕೆಳಗೆ ಸರಿಸಿ. ಚೊಂಬನ್ನು ಅದಕ್ಕೂ ಮೊದಲೇ ಬಚ್ಚಿಡಿ.