ಆಕ್ಸೆಸ್ ಕಲಿಯೋಕೆ ಯಾವ ಪುಸ್ತಕ ಅಂತ ಕೇಳುವವರಿಗೆ

ಅಡಿಕೆ ಸೀಸನ್ ಹತ್ತಿರ ಬಂತು ಅಂದ್ರೆ ನನಗೆ ಒಂದೇ ಥರದ ಮೆಸೇಜ್ ಶುರುವಾಗುತ್ತವೆ. "ಅಣ್ಣಾ, ಮಂಡಿ ಲೆಕ್ಕ ಎಕ್ಸೆಲ್‌ನಲ್ಲಿ ಕೈಗೆ ಸಿಗ್ತಿಲ್ಲ. ಆಕ್ಸೆಸ್ ಕಲೀಬೇಕು. ಯಾವ ಪುಸ್ತಕ ತಗೊಳ್ಳಲಿ?" ಆಕ್ಸೆಸ್ ಅಂದ್ರೆ ಲೆಕ್ಕಪತ್ರವನ್ನು ಟೇಬಲ್‌ಗಳಲ್ಲಿ ಜೋಡಿಸಿ ಇಡುವ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್. ಶಿವಮೊಗ್ಗದಿಂದಲೂ ಕೇಳುತ್ತಾರೆ, ಸಾಗರ, ತೀರ್ಥಹಳ್ಳಿ ಕಡೆಯಿಂದಲೂ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ. ಒಂದಲ್ಲ, ಎರಡು ಪುಸ್ತಕ ತಗೊಳ್ಳಿ. ಮೊದಲು ಓದುವ ಪುಸ್ತಕದಲ್ಲಿ ಆಕ್ಸೆಸ್ ಇರಲೇಬಾರದು. ಅದು ಟೇಬಲ್ ಹೇಗೆ ಕಟ್ಟಬೇಕು ಅಂತ ಕಲಿಸುವ ಡಿಸೈನ್ ಪುಸ್ತಕ ಆಗಿರಬೇಕು, ಆಕ್ಸೆಸ್ ಪುಸ್ತಕ ಎರಡನೆಯದು.

ಇದನ್ನು ಕೇಳಿ ತುಂಬಾ ಜನ ಮುಖ ಸಣ್ಣ ಮಾಡುತ್ತಾರೆ. ಅವರಿಗೆ ಬೇಕಾಗಿರುವುದು ಸಾವಿರ ಪುಟದ ದಪ್ಪ ಪುಸ್ತಕ, ಮೇಲೆ ಹೊಸ ವರ್ಷನ್ನಿನ ನಂಬರ್. ಅಂಥದ್ದನ್ನು ಹಿಡಿದು ಕೂತರೆ ಬೇಗನೆ ಚಂದದ ಫಾರ್ಮ್, ಬಟನ್ ಎಲ್ಲಾ ರೆಡಿ ಆಗುತ್ತದೆ ನಿಜ. ಒಳಗಿನ ಟೇಬಲ್ ಮಾತ್ರ ಹಳೇ ಎಕ್ಸೆಲ್ ಶೀಟೇ.

ಮಂಡಿಯದ್ದೇ ಉದಾಹರಣೆ ನೋಡಿ. ಒಬ್ಬ ರೈತ ತಂದ ಮಾಲಿನಲ್ಲಿ ರಾಶಿ ಇರುತ್ತದೆ, ಬೆಟ್ಟೆ ಇರುತ್ತದೆ, ಒಂದಿಷ್ಟು ಗೊರಬಲೂ ಇರುತ್ತದೆ, ಎಲ್ಲಾ ಅಡಿಕೆಯ ಬೇರೆ ಬೇರೆ ಬಗೆ. ಎಕ್ಸೆಲ್ ಅಭ್ಯಾಸ ಇದ್ದವರು ಒಂದೇ ಸಾಲಿನಲ್ಲಿ ಬಗೆ 1, ತೂಕ 1, ದರ 1, ಬಗೆ 2, ತೂಕ 2, ದರ 2 ಅಂತ ಕಾಲಂ ಹಾಕುತ್ತಾ ಹೋಗುತ್ತಾರೆ. ಇನ್ನೊಂದು ಬಗೆ ಬಂದ ದಿನ ಫಾರ್ಮೂ ಬದಲಾಯಿಸಬೇಕು, ರಿಪೋರ್ಟೂ ಬದಲಾಯಿಸಬೇಕು. ಈ ವರ್ಷ ಒಟ್ಟು ಬೆಟ್ಟೆ ಎಷ್ಟು ಬಂತು ಅಂತ ಯಜಮಾನರು ಕೇಳಿದರೆ ಅಷ್ಟೂ ಕಾಲಂ ಜಾಲಾಡಬೇಕು. ಊರಿನ ಹೆಸರನ್ನು ಪ್ರತಿ ಸಲ ಟೈಪ್ ಮಾಡಿಸಿದರಂತೂ ತೀರ್ಥಹಳ್ಳಿ, ತೀರ್ಥಳ್ಳಿ, ಟಿ.ಹಳ್ಳಿ ಅಂತ ಒಂದೇ ಊರು ಮೂರಾಗಿ ಕೂರುತ್ತದೆ. ರೈತರಿಗೆ ಒಂದು ಟೇಬಲ್, ಊರುಗಳಿಗೆ ಒಂದು, ಬಿಲ್ಲಿಗೆ ಒಂದು, ಬಿಲ್ಲಿನ ಒಳಗಿನ ಸಾಲುಗಳಿಗೇ ಬೇರೆ ಒಂದು. ಹೀಗೆ ಬಿಡಿಸುವುದನ್ನು ಕಲಿಸುವುದು ಡಿಸೈನ್ ಪುಸ್ತಕ.

ಈ ವಿದ್ಯೆ ಹಳತಾಗಿಲ್ಲ. ಐಬಿಎಂನಲ್ಲಿದ್ದ ಇ. ಎಫ್. ಕಾಡ್ ರಿಲೇಶನಲ್ ಮಾದರಿಯ, ಅಂದ್ರೆ ಮಾಹಿತಿಯನ್ನು ಹೀಗೆ ಟೇಬಲ್‌ಗಳಾಗಿ ಬಿಡಿಸಿ ಇಡುವ ವಿಧಾನದ, ಪ್ರಬಂಧ ಬರೆದದ್ದು 1970ರಲ್ಲಿ. ಮೈಕ್ರೋಸಾಫ್ಟ್ ಆಕ್ಸೆಸ್ ಬಂದದ್ದು 1992ರಲ್ಲಿ. ಆದ್ದರಿಂದ ಡಿಸೈನ್ ಪುಸ್ತಕ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಕಣ್ಣುಮುಚ್ಚಿ ತಗೊಳ್ಳಿ. ಆಕ್ಸೆಸ್ ಪುಸ್ತಕಕ್ಕೆ ಈ ಮಾತು ನಡೆಯಲ್ಲ. 2007ರ ವರ್ಷನ್ನಿನಲ್ಲಿ ಹಳೇ ಮೆನು ಹೋಗಿ ರಿಬ್ಬನ್ ಬಂತು, ಎಂಡಿಬಿ ಫೈಲಿನ ಜಾಗಕ್ಕೆ ಎಸಿಸಿಡಿಬಿ ಬಂತು. 2003ರ ಪುಸ್ತಕ ಇಟ್ಟುಕೊಂಡು ಈಗಿನ ಸ್ಕ್ರೀನಲ್ಲಿ ಬಟನ್ ಹುಡುಕುತ್ತಾ ಕೂತರೆ ತಲೆ ಕೆಡುತ್ತದೆ.

ಹೆಸರು ಹೇಳಿ ಅಂದರೆ, ಮೊದಲನೆಯದಕ್ಕೆ ಮೈಕೆಲ್ ಹೆರ್ನಾಂಡೆಸ್ ಅವರ 'ಡೇಟಾಬೇಸ್ ಡಿಸೈನ್ ಫಾರ್ ಮಿಯರ್ ಮಾರ್ಟಲ್ಸ್'. ಯಾವ ಸಾಫ್ಟ್‌ವೇರಿಗೂ ಅದು ಅಂಟಿಕೊಂಡಿಲ್ಲ. ಕೆಲಸ ಮಾಡುವವರನ್ನು ಮಾತಾಡಿಸಿ, ಅವರು ಬಳಸುವ ಕಾಗದಪತ್ರ ನೋಡಿ, ಅಲ್ಲಿಂದ ಟೇಬಲ್ ಕಟ್ಟುವುದು ಅದರ ದಾರಿ. ಹೇಳಿದ್ದನ್ನೇ ಹೇಳುತ್ತದೆ, ಸ್ವಲ್ಪ ಎಳೆತ. ಪರವಾಗಿಲ್ಲ, ಹೊಸಬರಿಗೆ ಅದೇ ಒಳ್ಳೆಯದು. ಬಿಸಿಎ ಹುಡುಗರು ಮಾತ್ರ ನಾರ್ಮಲ್ ಫಾರ್ಮ್‌ಗಳನ್ನು, ಅಂದ್ರೆ ಟೇಬಲ್ ಬಿಡಿಸುವ ಶಾಸ್ತ್ರೀಯ ನಿಯಮಗಳನ್ನು, ಪಠ್ಯದ ಥರ ನಿರೀಕ್ಷಿಸಬೇಡಿ. ಅದಕ್ಕೆ ಸಿ. ಜೆ. ಡೇಟ್ ಅವರ ದೊಡ್ಡ ಪುಸ್ತಕ ಇದೆ, ಲೈಬ್ರರಿಯಲ್ಲಿ ಸಿಕ್ಕರೆ ಅಲ್ಲೇ ಓದಿ. ಮಂಡಿ ಲೆಕ್ಕಕ್ಕೆ ಅದನ್ನು ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ಬೇರೆ ಪುಸ್ತಕ ಕೈಗೆ ಸಿಕ್ಕರೆ ಪರೀಕ್ಷೆ ಮಾಡಿ. ಮೆನಿ ಟು ಮೆನಿ ಸಂಬಂಧಕ್ಕೆ (ಒಬ್ಬ ರೈತನಿಗೆ ಹಲವು ಬಗೆ, ಒಂದು ಬಗೆಗೆ ಹಲವು ರೈತರು ಅನ್ನುವಂಥದ್ದು) ಎಷ್ಟು ಪುಟ ಕೊಟ್ಟಿದ್ದಾರೆ ನೋಡಿ. ಒಂದೇ ಪ್ಯಾರಾ ಅಂದ್ರೆ ವಾಪಸ್ ಇಡಿ. ಆಮೇಲೆ, ದರದ ಟೇಬಲ್ ಬೇರೆ ಇದ್ದರೂ ಮಾರಾಟದ ಸಾಲಿನಲ್ಲಿ ದರವನ್ನು ಮತ್ತೆ ಯಾಕೆ ಬರೆದಿಡಬೇಕು ಅಂತ ವಿವರಿಸಿದೆಯಾ? ಒಂದೇ ವಿಷಯ ಎರಡು ಕಡೆ ಬರೆಯಬಾರದು ಅಂತ ಎಲ್ಲಾ ಪುಸ್ತಕವೂ ಹೇಳುತ್ತದೆ. ಆದರೆ ಅಡಿಕೆ ದರ ದಿನಾ ಏರಿಳಿಯುತ್ತದೆ ಅಲ್ವಾ? ಆ ದಿನ ಆ ಮಾಲಿಗೆ ಸಿಕ್ಕ ದರ ಆ ಮಾರಾಟಕ್ಕೇ ಸೇರಿದ್ದು. ಅದನ್ನು ಸಾಲಿನಲ್ಲಿ ಇಡದೆ ಇವತ್ತಿನ ದರದ ಟೇಬಲ್ಲಿಗೆ ಜೋಡಿಸಿದರೆ, ದರ ತಿದ್ದಿದ ಕೂಡಲೇ ಹೋದ ತಿಂಗಳ ಬಿಲ್ಲೂ ಬದಲಾಗಿಬಿಡುತ್ತದೆ. ರೈತರು ಸುಮ್ನೆ ಬಿಡ್ತಾರಾ? ಇಷ್ಟನ್ನು ಬಿಡಿಸಿ ಹೇಳುವ ಪುಸ್ತಕ ಆದರೆ ನಂಬಬಹುದು.

ಹಾಗೇ, ಫೋನ್ ನಂಬರನ್ನು ಪ್ರೈಮರಿ ಕೀ, ಅಂದ್ರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ, ಮಾಡಬೇಡಿ. ನಮ್ಮ ಕಡೆ ಅಪ್ಪ, ಮಗ ಇಬ್ಬರ ಮಾಲಿಗೂ ಒಂದೇ ನಂಬರ್ ಕೊಡುತ್ತಾರೆ.

ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಒಂದು ವಿಷಯ ಇದೆ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯ ಹಳೇ ಫಾಂಟಿನಲ್ಲಿ ಹೆಸರು ಟೈಪ್ ಮಾಡಿದರೆ ಟೇಬಲ್ ಒಳಗೆ ಕೂರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಹುಡುಕಿದರೆ ಸಿಗಲ್ಲ, ಅಕಾರಾದಿಯಾಗಿ ಜೋಡಿಸಿದರೆ ಎಲ್ಲಾ ಹಿಂದುಮುಂದು. ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡ್ ಅನ್ನು ಆಕ್ಸೆಸ್ 2000ದ ವರ್ಷನ್ನಿನಿಂದಲೇ ತಗೊಳ್ಳುತ್ತದೆ. ಮೊದಲ ದಿನದಿಂದಲೇ ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ.

ಎರಡನೇ ಪುಸ್ತಕಕ್ಕೆ ದುಡ್ಡು ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಆಕ್ಸೆಸ್ ಇದೆಯಾ ನೋಡಿಕೊಳ್ಳಿ. ವರ್ಡ್, ಎಕ್ಸೆಲ್ ಇದ್ದ ಮಾತ್ರಕ್ಕೆ ಅದೂ ಇರುತ್ತದೆ ಅಂತೇನಿಲ್ಲ. ಮ್ಯಾಕ್‌ಗಂತೂ ಅದು ಇಲ್ಲವೇ ಇಲ್ಲ. ಇಲ್ಲದಿದ್ದರೆ ಲಿಬ್ರೆಆಫೀಸ್ ಬೇಸ್ ಪುಕ್ಕಟೆ ಸಿಗುತ್ತದೆ, ಆಕ್ಸೆಸ್‌ನಷ್ಟು ನಯ ಇಲ್ಲ, ಕಲಿಯೋಕೆ ಸಾಕು. ಹೆರ್ನಾಂಡೆಸ್ ಪುಸ್ತಕ ಅದಕ್ಕೂ ಹಾಗೇ ನಡೆಯುತ್ತದೆ.