ಓಟು ನಮ್ಮದು, ಕೆಲಸ ರೊಕ್ಕ ಕೊಟ್ಟವರದು

ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲೇ ನೋಡ್ರಿ: ಗಟಾರ ಸ್ವಚ್ಛ ಮಾಡಸಾಕ ಮತದಾರ ಅರ್ಜಿ ಹಿಡಕೊಂಡು ಅಡ್ಡಾಡಬೇಕು, ಚುನಾವಣಿಗೆ ರೊಕ್ಕ ಹಾಕಿದವರಿಗೆ ಒಂದು ಫೋನ್ ಸಾಕು. ಹೊಟ್ಟಿ ಉರೀತೈತಿ!

ವಿಧಾನಸಭಾ ಅಭ್ಯರ್ಥಿ ಖರ್ಚಿಗೆ 40 ಲಕ್ಷ ರೂಪಾಯಿ ಮಿತಿ ಐತಿ, ಖರೆ. ಆದ್ರ ಆ ಲೆಕ್ಕ ಶುರುವಾಗೂದು ನಾಮಪತ್ರ ಹಾಕಿದ ದಿನದಿಂದ. ಅದಕ್ಕಿಂತ ಮೊದಲ ಹಂಚಿದ ಸೀರಿ, ಕುಕ್ಕರ್ ಅದರಾಗ ಬರೂದೇ ಇಲ್ಲ. ಪಕ್ಷದ ಖರ್ಚಿಗಂತೂ ಮಿತಿನೇ ಇಲ್ಲ. 20,000 ರೂಪಾಯಿ ಮೀರದ ದೇಣಿಗಿ ಕೊಟ್ಟವರ ಹೆಸರು ಚುನಾವಣಾ ಆಯೋಗಕ್ಕ ತಿಳಿಸಬೇಕಂತ ಕಡ್ಡಾಯ ಇಲ್ಲ. ದೊಡ್ಡ ಮೊತ್ತ ಒಡದು ಬರದ್ರ ಆತು. 2024ರ ಫೆಬ್ರವರಿ 15ಕ್ಕ ಸುಪ್ರೀಂ ಕೋರ್ಟ್ ಹೆಸರು ಮುಚ್ಚಿಟ್ಟು ಪಕ್ಷಕ್ಕ ರೊಕ್ಕ ಕೊಡೂ ಚುನಾವಣಾ ಬಾಂಡ್ ರದ್ದು ಮಾಡಿದ್ರೂ ಈ ಕಿಂಡಿ ಹಂಗ ಉಳೀತು.

ಫಲಿತಾಂಶ ಬಂದ 30 ದಿನದಾಗ ಅಭ್ಯರ್ಥಿಗಳು ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಕೊಡಬೇಕು. ಅದನ್ನ ಯಾರ ಬೇಕಾದ್ರೂ ಕೇಳಿ ನೋಡಬಹುದು. ಕೇಳ್ರಿ.